ನೆಲೆ ಹಿಡಿಯುವ ಆಟ
(ಬಾನುಲಿ ಭಾಷಣ)

ಆಟವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿ ಮೂಡುವುದು ಕಾಲಕ್ಷೇಪದ ಕಲ್ಪನೆ. ಅದರಲ್ಲಿಯೂ ಕಂಪ್ಯೂಟರಿನ ಪರದೆಯ ಮೇಲೆ ಆಡುವ ಯುದ್ಧದ ಆಟಗಳೆಂದರೆ, ಗುಂಡಿನ ಸದ್ದು, ಹೊಗೆ, ಕೂಗಾಟಗಳ ಗೊಂದಲವೆಂದು ಹಿರಿಯರಿಗೆ ತೋರುವುದು ಸಹಜ. ಆ ಅಭಿಪ್ರಾಯ ಪೂರ್ತಿ ನಿರಾಧಾರವೂ ಅಲ್ಲ. ಆದರೆ ಈ ಆಟಗಳಲ್ಲಿ ಒಂದು ಬಗೆಯುಂಟು. ಅಲ್ಲಿ ಎಷ್ಟು ಮಂದಿ ಶತ್ರುಗಳನ್ನು ಕೊಂದೆವೆಂಬುದರಿಂದ ಗೆಲುವು ನಿರ್ಣಯವಾಗುವುದಿಲ್ಲ. ಯಾವ ಯಾವ ಆಯಕಟ್ಟಿನ ನೆಲೆಗಳು ಎಷ್ಟು ಹೊತ್ತು ನಮ್ಮ ಕೈಯಲ್ಲಿದ್ದುವೆಂಬುದರಿಂದ ನಿರ್ಣಯವಾಗುತ್ತದೆ. ಬೇರೆ ಬೇರೆ ಊರುಗಳಲ್ಲಿ, ಎಷ್ಟೋ ವೇಳೆ ಬೇರೆ ಬೇರೆ ದೇಶಗಳಲ್ಲಿ ಕುಳಿತವರು ಅಂತರಜಾಲದ ಮೂಲಕ ಒಂದೇ ಕಾಲದಲ್ಲಿ ಆಡುವ ಸ್ಪರ್ಧೆ ಇದು. ಇದರ ಒಳನಡೆ ಏನು, ನೆಲೆಗಳನ್ನು ಹಿಡಿಯುವುದರಲ್ಲಿ ಇರುವ ತಂತ್ರವೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿವರವಾಗಿ ನೋಡೋಣ.

ನೆಲೆ ಹಿಡಿದು ಗೆಲ್ಲುವ ಕಲ್ಪನೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಹಳ್ಳಿಯ ಗುಡಿಗಳ ಜಗಲಿಯ ಮೇಲೆ, ಮಂಟಪಗಳ ಕಲ್ಲುಹಾಸಿನ ಮೇಲೆ ಕೆತ್ತಿರುವ ಆಡು-ಹುಲಿ ಆಟದ ಗೆರೆಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅದರ ಪ್ರಸಿದ್ಧವಾದ ಒಂದು ಬಗೆಯಲ್ಲಿ ಗೆರೆಗಳು ಕೂಡುವ 23 ಬಿಂದುಗಳು, 3 ಹುಲಿಗಳು, 15 ಆಡುಗಳು. ಹುಲಿ ಆಡನ್ನು ಹಾರಿ ಕೊಲ್ಲಬಲ್ಲದು. ಆಡಿಗೆ ಕೊಲ್ಲುವ ಶಕ್ತಿಯೇ ಇಲ್ಲ. ಆದರೂ ಆಡಿನ ಪಕ್ಷ ಗೆಲ್ಲುವುದುಂಟು. ಬಿಂದುಗಳನ್ನು ಒಂದೊಂದಾಗಿ ತುಂಬಿ, ಹುಲಿಗೆ ಕಾಲಿಡಲು ಎಡೆಯಿಲ್ಲದಂತೆ ಮಾಡುವುದೇ ಅದರ ದಾರಿ. ಒಂಟಿಯಾಗಿ ಮುಂದೆ ನಿಂತ ಆಡು ಹುಲಿಯ ಬಾಯಿಗೆ ತುತ್ತು. ಅದರ ಬೆನ್ನಿಗಿರುವ ಬಿಂದುವಿನಲ್ಲಿ ಇನ್ನೊಂದು ಆಡು ನಿಂತಿತೆಂದರೆ ಹುಲಿ ಹಾರಲಾರದು. ಒಂದು ನೆಲೆಗೆ ಬಲ ಬರುವುದು ಅದರ ಹಿಂದಿರುವ ನೆಲೆಯಿಂದ ಎಂಬ ತತ್ತ್ವ ಇಲ್ಲಿಯೇ ಇದೆ.

ಚದುರಂಗದಲ್ಲಿಯೂ ನಡುವಣ ನಾಲ್ಕು ಮನೆಗಳಿಗೆ ವಿಶೇಷ ಬೆಲೆಯುಂಟು. ಆದರೆ ಆ ಮನೆಗಳನ್ನು ಹಿಡಿದ ಮಾತ್ರಕ್ಕೆ ಯಾರೂ ಅಂಕ ಕೊಡುವುದಿಲ್ಲ. ಅಲ್ಲಿಂದ ಕಾಯಿಗಳು ಎಲ್ಲ ದಿಕ್ಕಿಗೂ ಸಲೀಸಾಗಿ ಚಲಿಸಬಲ್ಲವು, ಅಷ್ಟೆ. ಚೀನದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ‘ಗೋ’ ಎಂಬ ಆಟ ಮತ್ತೊಂದು ತೆರನಾದುದು. 19 ಅಡ್ಡಗೆರೆ, 19 ಉದ್ದಗೆರೆಗಳ ಮಣೆಯ ಮೇಲೆ ಕರಿ ಬಿಳಿ ಕಲ್ಲುಗಳನ್ನಿಟ್ಟು ನೆಲವನ್ನು ಸುತ್ತುವರಿಯುವ ಆಟ ಅದು. ಯಾರ ನೆಲ ಎಷ್ಟೆಂಬ ಎಣಿಕೆ ನಡೆಯುವುದು ಆಟ ಮುಗಿದ ಮೇಲೆ. ಇಂದು ನಾನು ಹೇಳಹೊರಟಿರುವ ಆಟದಲ್ಲಿ ಎಣಿಕೆ ಕೊನೆಯವರೆಗೆ ಕಾಯುವುದಿಲ್ಲ. ಪ್ರತಿ ಕ್ಷಣವೂ ನಡೆಯುತ್ತಿರುತ್ತದೆ. ಈ ಒಂದು ವ್ಯತ್ಯಾಸದಿಂದ ತಂತ್ರದ ಸ್ವರೂಪವೇ ಬೇರೆಯಾಗುತ್ತದೆ.

ಉದಾಹರಣೆಗಾಗಿ ಒಂದೇ ಆಟವನ್ನು ತೆಗೆದುಕೊಳ್ಳುವುದು ಒಳ್ಳೆಯದು. ಕೆನಡಾ ದೇಶದ ವ್ಯಾಂಕೂವರ್ ನಗರದ ರೆಲಿಕ್ ಎಂಬ ಸಂಸ್ಥೆ 2006ರಲ್ಲಿ ‘ಕಂಪನಿ ಆಫ್ ಹೀರೋಸ್’ ಎಂಬ ಆಟವನ್ನು ಹೊರತಂದಿತು. ಎರಡನೆಯ ಮಹಾಯುದ್ಧದಲ್ಲಿ, 1944ರ ಬೇಸಿಗೆಯಲ್ಲಿ, ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ ನಡೆದ ಹೋರಾಟವೇ ಅದರ ವಸ್ತು. ಅದರ ಎರಡನೆಯ ಆಟ 2013ರಲ್ಲಿ, ಮೂರನೆಯದು 2023ರಲ್ಲಿ ಬಂದುವು. ಈ ಜಾತಿಯ ಹಿಂದಿನ ಅನೇಕ ಆಟಗಳಲ್ಲಿ ಸಂಪತ್ತು ಬರುತ್ತಿದ್ದುದು ಗಣಿಯಿಂದ, ಕಾಡಿನಿಂದ. ಕೂಲಿಯಾಳುಗಳು ಶಿಬಿರದ ಸಮೀಪದಲ್ಲಿಯೇ ಅಗೆದು ಹೊತ್ತು ತರುತ್ತಿದ್ದರು. ಸೈನ್ಯ ಬೆಳೆಯುವ ತನಕ ಆಟಗಾರ ಕೋಟೆಯೊಳಗೆ ಕುಳಿತಿರಬಹುದಾಗಿತ್ತು. ಈ ಆಟದಲ್ಲಿ ಕೂಲಿಯಾಳುಗಳಿಲ್ಲ. ನೆಲವೇ ಆದಾಯ. ಹೊರಗೆ ಹೋಗಿ ನೆಲ ಹಿಡಿಯದವನಿಗೆ ಯುದ್ಧ ನಡೆಸುವ ಸಾಮಗ್ರಿಯೇ ಹುಟ್ಟುವುದಿಲ್ಲ.

ಯುದ್ಧಭೂಮಿಯ ನಕ್ಷೆಯನ್ನು, ತಾಲ್ಲೂಕನ್ನು ಹೋಬಳಿಗಳಾಗಿ ವಿಂಗಡಿಸಿದಂತೆ, ಹಲವು ವಲಯಗಳಾಗಿ ಭಾಗಿಸಿರುತ್ತಾರೆ. ಪ್ರತಿ ವಲಯದ ನಡುವೆ ಒಂದು ಕಂಬ. ಆ ಕಂಬದಲ್ಲಿ ಯಾರ ಬಾವುಟ ಹಾರುತ್ತದೆಯೋ ವಲಯ ಅವರದು. ಕೆಲವು ವಲಯಗಳು ಇಂಧನ ಕೊಡುತ್ತವೆ, ಕೆಲವು ಮದ್ದುಗುಂಡು ಕೊಡುತ್ತವೆ, ಮತ್ತೆ ಕೆಲವು ಸಾಮಾನ್ಯ ವಲಯಗಳು. ಇಂಧನವಿಲ್ಲದೆ ಟ್ಯಾಂಕುಗಳಿಲ್ಲ, ಮದ್ದುಗುಂಡಿಲ್ಲದೆ ಕೈಬಾಂಬುಗಳಿಲ್ಲ, ನೆಲಬಾಂಬುಗಳಿಲ್ಲ. ಬಾವುಟ ಏರಿಸುವ ಕೆಲಸ ಸಾಮಾನ್ಯವಾಗಿ ಕಾಲಾಳುಗಳದು. ತುಕಡಿಯೊಂದು ಕಂಬದ ಬಳಿ ಹೋಗಿ ಸ್ವಲ್ಪ ಹೊತ್ತು ನಿಲ್ಲಬೇಕು. ವಲಯ ಶತ್ರುವಿನ ಕೈಯಲ್ಲಿದ್ದರೆ ಮೊದಲು ಅವನ ಬಾವುಟ ಇಳಿದು, ವಲಯ ಯಾರದೂ ಅಲ್ಲದಂತಾಗಿ, ಆಮೇಲೆ ನಮ್ಮದು ಏರಬೇಕು. ಈ ಎರಡು ಮೆಟ್ಟಿಲನ್ನು ನೆನಪಿನಲ್ಲಿಡಿ; ಮುಂದೆ ಇದರಿಂದ ಒಂದು ಸೂಕ್ಷ್ಮವಾದ ಉಪಾಯ ಹೊರಡುತ್ತದೆ.

ಆಟ ಆರಂಭವಾದಾಗ ಇಬ್ಬರಲ್ಲಿಯೂ ಇರುವುದು ಒಂದೆರಡು ತುಕಡಿ. ನಕ್ಷೆಯಲ್ಲಿರುವ ಕಂಬಗಳು ಹತ್ತಾರು. ಎಲ್ಲ ಕಡೆಯೂ ಇರುವುದು ಸಾಧ್ಯವಿಲ್ಲ. ಹೊಸಬನಾದವನು ಕಣ್ಣಿಗೆ ಕಂಡ ದೊಡ್ಡ ಇಂಧನದ ಕಂಬದ ಕಡೆಗೆ ನೇರವಾಗಿ ಓಡುತ್ತಾನೆ. ಪಳಗಿದವನು ದಾರಿಯನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾನೆ: ಮೊದಲ ತುಕಡಿ ಹತ್ತಿರದ ಕಂಬಗಳನ್ನು ಮುಟ್ಟುತ್ತಾ ಸಾಗಬೇಕು, ಎರಡನೆಯದು ಶತ್ರು ಬರುವ ದಾರಿಯ ಮೇಲಿನ ಒಂದು ಮನೆಯನ್ನು ಸೇರಬೇಕು, ಮೂರನೆಯದು ಇವೆರಡರ ನಡುವೆ ಎರಡಕ್ಕೂ ಒದಗುವಂತಿರಬೇಕು. ಅವನು ಕಂಬಗಳ ಬೆಲೆಯನ್ನು ಬಿಡಿಬಿಡಿಯಾಗಿ ನೋಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ನಡೆಯಲು ಬೇಕಾಗುವ ಹೊತ್ತನ್ನು ಸೇರಿಸಿ ನೋಡುತ್ತಾನೆ. ಸುಮ್ಮನೆ ನಡೆದಾಡುತ್ತಿರುವ ತುಕಡಿ ಕಾದುವುದೂ ಇಲ್ಲ, ಗಳಿಸುವುದೂ ಇಲ್ಲ.

ಇನ್ನು ಈ ಆಟದ ಜೀವಾಳವೆನ್ನಬಹುದಾದ ನಿಯಮಕ್ಕೆ ಬರೋಣ. ವಲಯವೊಂದು ಆದಾಯ ಕೊಡಬೇಕಾದರೆ ಅದು ನಮ್ಮ ಮೂಲಶಿಬಿರದೊಡನೆ, ನಮ್ಮವೇ ಆದ ವಲಯಗಳ ಮೂಲಕ, ಸೇರಿಕೊಂಡಿರಬೇಕು. ನಡುವಣ ಒಂದು ಕೊಂಡಿ ಕಳಚಿತೆಂದರೆ ಅದರಾಚೆಯ ವಲಯಗಳಲ್ಲಿ ನಮ್ಮ ಬಾವುಟ ಹಾರುತ್ತಿದ್ದರೂ ಅಲ್ಲಿಂದ ಒಂದು ಹನಿ ಇಂಧನವೂ ಬರುವುದಿಲ್ಲ. ಆದ್ದರಿಂದ ಶತ್ರು ಬಲವಾಗಿ ಕಾವಲಿಟ್ಟಿರುವ ಇಂಧನದ ಕಂಬದ ಮೇಲೆ ತಲೆ ಚಚ್ಚಿಕೊಳ್ಳುವ ಅಗತ್ಯವಿಲ್ಲ. ಆ ಕಂಬಕ್ಕೂ ಅವನ ಶಿಬಿರಕ್ಕೂ ನಡುವೆ ಇರುವ, ತನ್ನಷ್ಟಕ್ಕೆ ಹೆಚ್ಚು ಬೆಲೆಯಿಲ್ಲದ, ಯಾರೂ ಕಾಯದೆ ಬಿಟ್ಟಿರುವ ಸಾಮಾನ್ಯ ವಲಯವನ್ನು ಸದ್ದಿಲ್ಲದೆ ಹಿಡಿದರೆ ಸಾಕು. ಒಂದೇ ತುಕಡಿ ಅವನ ಅರ್ಧ ಆದಾಯವನ್ನು ನಿಲ್ಲಿಸಬಹುದು. ಅದಕ್ಕಿಂತಲೂ ದೊಡ್ಡ ಲಾಭವೆಂದರೆ, ಮುಂಚೂಣಿಯಲ್ಲಿದ್ದ ಅವನ ಸೈನ್ಯದ ಒಂದು ಭಾಗ ಬೆನ್ನು ತಿರುಗಿಸಿ ಹಿಂದಕ್ಕೆ ಓಡಬೇಕಾಗುತ್ತದೆ. ಆ ಹೊತ್ತಿನಲ್ಲಿ ನಾವು ಮುಂದಿನಿಂದ ಒತ್ತಬಹುದು.

ಈ ಉಪಾಯ ಎಷ್ಟು ಹಳೆಯದೆಂದರೆ ಇದಕ್ಕೆ ನಮ್ಮ ರಾಜನೀತಿಯಲ್ಲಿ ಹೆಸರೇ ಇದೆ. ಆರ್. ಶಾಮಾಶಾಸ್ತ್ರಿಗಳು ಓಲೆಗರಿಯಿಂದ ಸಂಪಾದಿಸಿ 1909ರಲ್ಲಿ ಮೈಸೂರಿನಲ್ಲಿ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಪಾರ್ಷ್ಣಿಗ್ರಾಹ’ನೆಂಬ ಮಾತು ಬರುತ್ತದೆ. ಪಾರ್ಷ್ಣಿಯೆಂದರೆ ಹಿಮ್ಮಡಿ. ದಂಡಯಾತ್ರೆಗೆ ಹೊರಟ ರಾಜನ ಹಿಮ್ಮಡಿಯನ್ನು ಹಿಡಿಯುವವನು, ಅಂದರೆ ಅವನು ಮುಂದೆ ನಡೆದಾಗ ಹಿಂದಿನಿಂದ ಅವನ ನಾಡಿಗೆ ನುಗ್ಗುವವನು, ಪಾರ್ಷ್ಣಿಗ್ರಾಹ. ಅದೇ ಗ್ರಂಥ ರಾಜ್ಯದ ಏಳು ಅಂಗಗಳನ್ನು ಎಣಿಸುವಾಗ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶಗಳನ್ನು ಹೇಳಿದ ಬಳಿಕವೇ ದಂಡವನ್ನು, ಎಂದರೆ ಸೈನ್ಯವನ್ನು, ಹೇಳುತ್ತದೆ. ಜನಪದ ಮತ್ತು ಕೋಶಗಳ ಸಂಬಂಧ ಕಡಿದರೆ ದಂಡ ತಾನಾಗಿ ಸೊರಗುತ್ತದೆ. ಇಂದಿನ ಆಟಗಾರ ಅರ್ಥಶಾಸ್ತ್ರವನ್ನು ಓದಿರಬೇಕಾಗಿಲ್ಲ. ನಾಲ್ಕು ಆಟ ಸೋತರೆ ಈ ತತ್ತ್ವ ಅವನಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಹಿಡಿದ ನೆಲೆಯನ್ನು ಉಳಿಸಿಕೊಳ್ಳುವುದು ಮುಂದಿನ ಪ್ರಶ್ನೆ. ಬಾವುಟದ ಕಂಬ ಬಹುಮಟ್ಟಿಗೆ ಬಯಲಿನಲ್ಲಿರುತ್ತದೆ. ಅದರ ಬುಡದಲ್ಲಿಯೇ ಕಾವಲು ನಿಲ್ಲಿಸಿದವನು ತನ್ನ ಸೈನಿಕರನ್ನು ಗುರಿಹಲಗೆಯಂತೆ ನಿಲ್ಲಿಸಿದ ಹಾಗಾಯಿತು. ಕಲ್ಲುಗೋಡೆಯ ಮರೆಯಲ್ಲಿರುವ ಸೈನಿಕನಿಗೆ ತಗಲುವ ಪೆಟ್ಟು ಕಡಿಮೆ, ತೆರೆದ ರಸ್ತೆಯ ಮೇಲಿರುವವನಿಗೆ ಹೆಚ್ಚು ಎಂಬ ಲೆಕ್ಕವನ್ನು ಆಟವೇ ಇಟ್ಟುಕೊಂಡಿರುತ್ತದೆ. ಆದ್ದರಿಂದ ಅನುಭವಿ ಕಂಬವನ್ನು ಕಾಯದೆ ಕಂಬಕ್ಕೆ ಬರುವ ದಾರಿಯನ್ನು ಕಾಯುತ್ತಾನೆ. ಮೆಷಿನ್ ಗನ್ನನ್ನು ಸ್ವಲ್ಪ ದೂರದ ಮನೆಯೊಂದರ ಕಿಟಕಿಯಲ್ಲಿ, ಕಂಬದ ಸುತ್ತಲಿನ ಬಯಲು ಅದರ ಹರಹಿಗೆ ಸಿಕ್ಕುವಂತೆ ಇರಿಸುತ್ತಾನೆ. ಅದರ ಗುಂಡಿನ ಮಳೆಗೆ ಸಿಕ್ಕ ತುಕಡಿ ನೆಲಕ್ಕೆ ಒರಗಿ ತೆವಳತೊಡಗುತ್ತದೆ. ಸಾಯದಿದ್ದರೂ ಕಂಬವನ್ನು ಮುಟ್ಟಲಾರದು. ಇದಲ್ಲದೆ ಕಂಬದ ಸುತ್ತ ಮುಳ್ಳುತಂತಿ ಸುತ್ತಬಹುದು. ಅದನ್ನು ಕತ್ತರಿಸಲು ಶತ್ರು ಕೆಲಸಗಾರರ ತುಕಡಿಯನ್ನು ಕರೆತರಬೇಕಾಗುತ್ತದೆ. ದಾರಿಯಲ್ಲಿ ನೆಲಬಾಂಬು ಹುದುಗಿಸಬಹುದು. ಇಂಧನದ ಕಂಬದ ಮೇಲೆ ವೀಕ್ಷಣಾ ಠಾಣ್ಯ ಕಟ್ಟಿದರೆ ಆದಾಯವೂ ಹೆಚ್ಚುತ್ತದೆ, ಶತ್ರು ಮೊದಲು ಅದನ್ನು ಕೆಡವದೆ ಬಾವುಟಕ್ಕೆ ಕೈಹಾಕುವಂತೆಯೂ ಇಲ್ಲ. ಇವೆಲ್ಲವೂ ಒಂದೇ ಉದ್ದೇಶದವು: ಶತ್ರುವಿನ ಹೊತ್ತನ್ನು ತಿನ್ನುವುದು.

ಎದುರು ಪಕ್ಷದವನೂ ಇದಕ್ಕೆ ಮದ್ದು ಅರಿತಿರುತ್ತಾನೆ. ಮೆಷಿನ್ ಗನ್ನು ಒಂದು ದಿಕ್ಕಿಗೆ ಮಾತ್ರ ಮುಖಮಾಡಿರುತ್ತದೆ. ಆದುದರಿಂದ ಒಂದು ತುಕಡಿ ಎದುರಿನಿಂದ ಅದರ ಗಮನ ಸೆಳೆದರೆ ಇನ್ನೊಂದು ಮಗ್ಗುಲಿನಿಂದ ಸುತ್ತಿ ಬರುತ್ತದೆ. ಇಲ್ಲವೆ ಹೊಗೆಗುಂಡು ಹಾರಿಸಿ, ಕಣ್ಣು ಕಟ್ಟಿದ ಆ ಕೆಲವು ಕ್ಷಣಗಳಲ್ಲಿ ಬಯಲು ದಾಟುತ್ತಾನೆ. ಶತ್ರು ಎಲ್ಲಿದ್ದಾನೆಂಬುದು ನಮ್ಮ ಸೈನಿಕರ ಕಣ್ಣಿಗೆ ಬೀಳುವವರೆಗೆ ಪರದೆಯ ಮೇಲೆ ಕಾಣುವುದಿಲ್ಲ. ಆದುದರಿಂದ ಒಂದು ಕಡೆ ಗದ್ದಲವೆಬ್ಬಿಸಿ ಮತ್ತೊಂದು ಕಡೆ ಬಾವುಟ ಇಳಿಸುವ ವಂಚನೆಗೆ ಸದಾ ಅವಕಾಶವುಂಟು.

ಇಲ್ಲಿಯವರೆಗೆ ಹೇಳಿದ್ದು ಆದಾಯದ ಕಂಬಗಳ ಮಾತು. ಸ್ಪರ್ಧೆಗಳಲ್ಲಿ ಗೆಲುವನ್ನು ನಿರ್ಣಯಿಸುವುದು ಬೇರೆಯೇ ಆದ ಜಯಬಿಂದುಗಳು. ಸಾಮಾನ್ಯವಾಗಿ ಇವು ಮೂರು. ನಕ್ಷೆಯ ಅಡ್ಡಕ್ಕೆ, ಇಬ್ಬರಿಗೂ ನಡುವೆ ಇರುತ್ತವೆ. ಪ್ರತಿಯೊಬ್ಬರಿಗೂ ಆರಂಭದಲ್ಲಿ 500 ಅಂಕಗಳೆಂದು ಇಟ್ಟುಕೊಳ್ಳಿ. ಯಾರ ಬಳಿ ಜಯಬಿಂದುಗಳು ಕಡಿಮೆಯೋ ಅವರ ಅಂಕ ಗಡಿಯಾರದ ಮುಳ್ಳಿನಂತೆ ಇಳಿಯುತ್ತಾ ಹೋಗುತ್ತದೆ. ಸೊನ್ನೆಗೆ ಮುಟ್ಟಿದವರು ಸೋತರು. ಎರಡು ಕಡೆಯೂ ಸಮವಾಗಿದ್ದರೆ ಯಾರ ಅಂಕವೂ ಇಳಿಯುವುದಿಲ್ಲ. ಒಬ್ಬರೇ ಮೂರನ್ನೂ ಹಿಡಿದರೆ ಎದುರಾಳಿಯ ಅಂಕ ಇನ್ನೂ ವೇಗವಾಗಿ ಇಳಿಯುತ್ತದೆ.

ಈ ಸಣ್ಣ ಲೆಕ್ಕದಿಂದ ಹುಟ್ಟುವ ತಂತ್ರಗಳನ್ನು ಗಮನಿಸಿ. ಮೊದಲನೆಯದು, ಗೆಲ್ಲಲು ಎರಡು ಸಾಕು. ಮೂರನೆಯದನ್ನೂ ಬಾಚಿಕೊಳ್ಳಹೊರಟವನ ಸೈನ್ಯ ಮೂರು ಕಡೆಗೆ ತೆಳುವಾಗಿ ಹರಡಿ, ಎಲ್ಲಿಯೂ ಗಟ್ಟಿಯಾಗಿ ನಿಲ್ಲದಂತಾಗುತ್ತದೆ. ಒಂದಕ್ಕೊಂದು ಸಮೀಪವಿರುವ ಎರಡನ್ನು ಭದ್ರಪಡಿಸಿ ಮೂರನೆಯದನ್ನು ಶತ್ರುವಿಗೆ ಬಿಟ್ಟರೆ, ಅಂಕ ಕಳೆದುಕೊಳ್ಳುತ್ತಿರುವ ಅವನೇ ನಮ್ಮ ಮೆಷಿನ್ ಗನ್ನಿನ ಎದುರಿಗೆ ಬರಬೇಕು. ಬಿಟ್ಟ ಆ ಒಂದು ನೆಲೆಯೂ ಹೀಗೆ ನಮಗೆ ಕೆಲಸ ಮಾಡುತ್ತದೆ.

ಎರಡನೆಯದು, ಆಗಲೇ ಹೇಳಿದ ಎರಡು ಮೆಟ್ಟಿಲಿನ ಉಪಾಯ. ಶತ್ರುವಿನ ಬಳಿ ಎರಡು, ನಮ್ಮ ಬಳಿ ಒಂದು ಇರುವಾಗ, ಅವನ ಒಂದು ಬಾವುಟವನ್ನು ಇಳಿಸಿದರೇ ಸಾಕು, ಲೆಕ್ಕ ಒಂದಕ್ಕೊಂದು ಸಮವಾಗಿ ನಮ್ಮ ಅಂಕ ಇಳಿಯುವುದು ನಿಲ್ಲುತ್ತದೆ. ನಮ್ಮ ಬಾವುಟ ಏರಿಸುವಷ್ಟು ಹೊತ್ತು ಅಲ್ಲಿ ನಿಲ್ಲಲು ಬಲವಿಲ್ಲದ ಸಣ್ಣ ತುಕಡಿಯೂ ಇಳಿಸುವಷ್ಟು ಹೊತ್ತು ನಿಲ್ಲಬಲ್ಲದು. 2013ರ ಎರಡನೆಯ ಆಟದಲ್ಲಿ ಕಂಬದ ಸುತ್ತ ಒಂದು ವೃತ್ತವಿದ್ದು, ಎರಡೂ ಪಕ್ಷದ ಸೈನಿಕರು ಅದರೊಳಗಿದ್ದರೆ ಹಿಡಿಯುವ ಕೆಲಸ ಮುಂದುವರಿಯದು. ಅಲ್ಲಿಯಂತೂ ಕೊನೆಯುಸಿರಿನಲ್ಲಿರುವ ಒಂದು ತುಕಡಿ, ಸುಮ್ಮನೆ ವೃತ್ತದೊಳಗೆ ಜೀವ ಹಿಡಿದುಕೊಂಡಿದ್ದೇ ಆಟ ಉಳಿಸಬಹುದು.

ಮೂರನೆಯದು ಮುನ್ನಡೆಯ ಲೆಕ್ಕ. ಒಬ್ಬನಿಗೆ 400, ಮತ್ತೊಬ್ಬನಿಗೆ 100 ಅಂಕ ಉಳಿದಿವೆಯೆನ್ನಿ. ಇನ್ನು ಮುಂದೆ ಪ್ರತಿ ನಾಲ್ಕು ನಿಮಿಷಗಳಲ್ಲಿ ಮೂರು ನಿಮಿಷ ಹಿಂದೆಬಿದ್ದವನದೇ ಮೇಲುಗೈ, ಅಂಕ ಇಳಿಯುವ ವೇಗ ಇಬ್ಬರಿಗೂ ಒಂದೇ ಎಂದಿಟ್ಟುಕೊಂಡರೂ, ಮುಂದಿದ್ದವನು 300 ಕಳೆದುಕೊಳ್ಳುವ ಹೊತ್ತಿಗೆ ಹಿಂದಿದ್ದವನ 100 ಮುಗಿದೇಹೋಗಿರುತ್ತದೆ. ಕೊನೆಯಲ್ಲಿ ದೊಡ್ಡ ಸೈನ್ಯ ಕಟ್ಟಿದವನು, ರಣರಂಗದಲ್ಲಿ ಎದುರಾಳಿಯನ್ನು ಚದುರಿಸುತ್ತಲೇ ಸೋಲುವ ವಿಚಿತ್ರ ಹೀಗೆ ಸಂಭವಿಸುತ್ತದೆ. ಆರಂಭದಲ್ಲಿ ಅಲಕ್ಷ್ಯದಿಂದ ಬಿಟ್ಟ ಹತ್ತು ನಿಮಿಷವನ್ನು ಕೊನೆಯ ಶೌರ್ಯ ತುಂಬಿಕೊಡಲಾರದು. ಅಂತೆಯೇ ಮುಂದಿರುವವನಿಗೆ ಸಾಹಸ ಸಲ್ಲದು. ಆದಷ್ಟು ಹೊತ್ತು ಸಮಸ್ಥಿತಿಯಲ್ಲಿ ಎಳೆದರೂ ಅವನಿಗೆ ನಷ್ಟವಿಲ್ಲ. ಹಿಂದಿರುವವನಿಗೆ ಆ ನೆಮ್ಮದಿಯಿಲ್ಲ. ಅವನು ಅಪಾಯಕ್ಕೆ ಒಡ್ಡಿಕೊಳ್ಳಲೇಬೇಕು.

ಇನ್ನೊಂದು ಮಾತು ಹೇಳದಿದ್ದರೆ ಈ ವಿವರಣೆ ಅಪೂರ್ಣವಾಗುತ್ತದೆ. ಅದು ಹಿಮ್ಮೆಟ್ಟುವುದರ ಮಾತು. ಆಟದಲ್ಲಿ ಒಂದು ಆಜ್ಞೆ ಕೊಟ್ಟರೆ ತುಕಡಿ ಎಲ್ಲವನ್ನೂ ಬಿಟ್ಟು ಶಿಬಿರಕ್ಕೆ ಓಡುತ್ತದೆ. ಅಲ್ಲಿ ಕಳೆದುಹೋದ ಆಳುಗಳನ್ನು ತುಂಬಿಸಿಕೊಳ್ಳಬಹುದು. ಹೊಸ ತುಕಡಿ ಕಟ್ಟುವುದಕ್ಕಿಂತ ಇದರ ಖರ್ಚು ಕಡಿಮೆ. ಮೇಲಾಗಿ ಹೋರಾಡಿದ ತುಕಡಿ ಅನುಭವ ಗಳಿಸಿ ಬಲಿತಿರುತ್ತದೆ. ಅದು ಪೂರ್ತಿ ಅಳಿದರೆ ಆ ಅನುಭವವೂ ಅಳಿಯಿತು. ಕಂಬವನ್ನು ಕಳೆದುಕೊಂಡರೆ ಮತ್ತೆ ಹಿಡಿಯಬಹುದು. ಬಲಿತ ತುಕಡಿಯನ್ನು ಕಳೆದುಕೊಂಡರೆ ಹಿಡಿಯುವವರೇ ಇಲ್ಲದಂತಾಗುತ್ತದೆ. ಆದರೆ ಬಹಳ ಬೇಗ ಓಡಿದರೂ ಕಷ್ಟ. ನಡೆದು ಮತ್ತೆ ಬರುವಷ್ಟರಲ್ಲಿ ಎರಡು ಬಾವುಟ ಇಳಿದಿರುತ್ತವೆ. ಇನ್ನೊಂದು ಗಳಿಗೆ ನಿಲ್ಲಬೇಕೆ, ಈಗಲೇ ಹೊರಡಬೇಕೆ ಎಂಬ ಈ ತೀರ್ಮಾನದಲ್ಲಿಯೇ ಆಟಗಾರನ ಯೋಗ್ಯತೆ ಹೆಚ್ಚಾಗಿ ಗೊತ್ತಾಗುವುದು. ಹಿಡಿದದ್ದನ್ನು ಬಿಡಲಾರದ ಮೋಹವೇ ಅನೇಕರನ್ನು ಸೋಲಿಸುತ್ತದೆ.

ಇದೆಲ್ಲ ಬರಿಯ ಆಟದ ಕಟ್ಟುಪಾಡೇ ಎಂದು ನೀವು ಕೇಳಬಹುದು. ಅಲ್ಲವೆನ್ನಲು ನಾರ್ಮಂಡಿಯ ಕಾರೆಂತಾನ್ ಎಂಬ ಸಣ್ಣ ಪಟ್ಟಣದ ಇತಿಹಾಸವೇ ಸಾಕ್ಷಿ. 1944ರ ಜೂನ್ 6ರಂದು ಅಮೆರಿಕದ ಸೈನ್ಯ ಯೂಟಾ, ಒಮಾಹಾ ಎಂದು ಗುಪ್ತನಾಮವಿಟ್ಟ ಎರಡು ಕಡಲತೀರಗಳಲ್ಲಿ ಇಳಿಯಿತು. ಎರಡರ ನಡುವೆ ನದೀಮುಖದ ಜೌಗು. ಅವನ್ನು ಕೂಡಿಸುವ ಹೆದ್ದಾರಿ ಹಾಯುತ್ತಿದ್ದುದು ಕಾರೆಂತಾನಿನ ಮೂಲಕ. ಆ ಪಟ್ಟಣದಲ್ಲಿ ಚಿನ್ನದ ಗಣಿಯಿರಲಿಲ್ಲ, ರಾಜಧಾನಿಯಿರಲಿಲ್ಲ. ಅದು ಒಂದು ಕೊಂಡಿ, ಅಷ್ಟೆ. ಅಮೆರಿಕದ 101ನೆಯ ವಾಯುವಾಹಿತ ಸೇನಾವಿಭಾಗ, ನೀರು ನಿಂತ ಗದ್ದೆಗಳ ನಡುವಣ ಏರಿರಸ್ತೆಯ ಮೇಲೆ ಗುಂಡಿಗೆ ಮೈಯೊಡ್ಡಿ ನಡೆದು, ಜೂನ್ 12ರಂದು ಅದನ್ನು ಹಿಡಿಯಿತು. ಕಾಯುತ್ತಿದ್ದ ಜರ್ಮನ್ ಪಡೆ ಹಿಂದೆಗೆಯಲು ಮದ್ದುಗುಂಡಿನ ಅಭಾವ ಒಂದು ಮುಖ್ಯ ಕಾರಣ. ಮರುದಿನವೇ, ಜೂನ್ 13ರಂದು, ಜರ್ಮನರು ಪ್ರತಿದಾಳಿ ಮಾಡಿದರು. ಅಮೆರಿಕದ ಟ್ಯಾಂಕುಗಳು ಹೊತ್ತಿಗೆ ಸರಿಯಾಗಿ ಬಂದೊದಗದಿದ್ದರೆ ಹಿಂದಿನ ದಿನದ ವಿಜಯ ಕೈಬಿಟ್ಟುಹೋಗುವುದರಲ್ಲಿತ್ತು. ಆ ಎರಡನೆಯ ದಿನ ನಿಂತದ್ದರಿಂದಲೇ ಎರಡು ತೀರಗಳು ಭದ್ರವಾಗಿ ಕೂಡಿದುವು. 2006ರ ಆಟವನ್ನು ರಚಿಸಿದವರು ಇದನ್ನು ಅರಿತೇ ಕಾರೆಂತಾನಿಗೆ ಎರಡು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾರೆ: ಹಿಡಿಯುವುದಕ್ಕೆ ಒಂದು, ಉಳಿಸಿಕೊಳ್ಳುವುದಕ್ಕೆ ಇನ್ನೊಂದು.

ಆದರೆ ಆಟಕ್ಕೂ ಯುದ್ಧಕ್ಕೂ ಇರುವ ಅಂತರವನ್ನು ಮರೆಯುವುದು ಅಪಾಯಕರ. ಪರದೆಯ ಮೇಲಿನ ಕಾರೆಂತಾನಿನಲ್ಲಿ ಮನೆಗಳುಂಟು, ಮನೆಮಂದಿಯಿಲ್ಲ. ನಾರ್ಮಂಡಿಯ ಆ ಬೇಸಿಗೆಯಲ್ಲಿ ಬಾಂಬಿಗೆ, ಫಿರಂಗಿಗೆ ಸಿಕ್ಕಿ ಸಾವಿರಾರು ಮಂದಿ ಸಾಮಾನ್ಯ ಜನ ಸತ್ತರು. ಅವರು ಯಾವ ಪಕ್ಷದ ಅಂಕದಲ್ಲಿಯೂ ಸೇರುವುದಿಲ್ಲ. ಆಟದಲ್ಲಿ ತುಕಡಿಗೆ ಹಸಿವಿಲ್ಲ, ಊರಿನ ನೆನಪಿಲ್ಲ. ಆಜ್ಞೆ ಕೊಟ್ಟರೆ ಹೋಗುತ್ತದೆ, ಸತ್ತರೆ ಹೊಸದು ಬರುತ್ತದೆ. ಆಡುವ ಹುಡುಗನಿಗೆ ಈ ಅರಿವನ್ನು ಆಟ ಕೊಡಲಾರದು. ಅದನ್ನು ಚರಿತ್ರೆ ಕೊಡಬೇಕು, ಮನೆಯ ಹಿರಿಯರು ಕೊಡಬೇಕು.

ಹಾಗೆ ಕೊಡಬೇಕಾದರೆ ಹಿರಿಯರಾದವರು ಆಟವನ್ನು ದೂರದಿಂದಲೇ ಹಳಿಯದೆ ಒಂದಿಷ್ಟು ಹತ್ತಿರ ಹೋಗಿ ನೋಡುವುದು ಮೇಲು. ಆಡಿ ಎದ್ದ ಹುಡುಗನನ್ನು ‘ಎಷ್ಟು ಜನರನ್ನು ಕೊಂದೆ?’ ಎಂದು ಕೇಳುವುದರ ಬದಲು ‘ಯಾವ ನೆಲೆಯನ್ನು ಹಿಡಿದೆ, ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ?’ ಎಂದು ಕೇಳಿ ನೋಡಿ. ಅವನು ನಿಜವಾಗಿ ಆಟ ಬಲ್ಲವನಾದರೆ ಕಾಲದ ಲೆಕ್ಕ, ದಾರಿಯ ಲೆಕ್ಕ, ತನ್ನ ಬಲದ ಮಿತಿಯ ಲೆಕ್ಕ ಇವನ್ನೆಲ್ಲ ನಿಮ್ಮ ಮುಂದೆ ಬಿಡಿಸಿ ಹೇಳುತ್ತಾನೆ. ಹೇಳಲಾರದೆ ತಡವರಿಸಿದರೆ ಅವನು ಬರಿದೆ ಗದ್ದಲದಲ್ಲಿ ಹೊತ್ತು ಕಳೆದನೆಂದು ತಿಳಿಯಬಹುದು. ಎರಡರಲ್ಲಿ ಯಾವುದಾದರೂ, ಆ ಪ್ರಶ್ನೆಯಿಂದ ಮಾತು ಬೆಳೆಯುತ್ತದೆ. ನಾರ್ಮಂಡಿಯ ಮಾತಿಗೂ ಅಲ್ಲಿಯೇ ಎಡೆ ಸಿಗುತ್ತದೆ.